ತಪ್ಪೆಲ್ಲ ವೈರಿನದೇ

ಮದ್ದೂರಿನ ಚಲುವರಾಜುವಿನ ಪ್ರಕಾರ ಈ ಲೋಕದಲ್ಲಿ ತಪ್ಪು ಮಾಡುವುದು ವೈರು ಒಂದೇ. ಕರೆಂಟ್ ಆಟೊಗಳಿಗೆ ವೇಗ, ಚಾರ್ಜು ತೋರಿಸುವ ಮೀಟರ್ ಬೋರ್ಡು ಕೂರಿಸುವ ಅವನು, ಗಾಡಿ ನಿಂತರೂ, ಮಿಕ್ಸಿ ಕೆಟ್ಟರೂ, ಹೆಂಡತಿ ಮುನಿಸಿಕೊಂಡರೂ ಹೇಳುವುದು ಒಂದೇ ಮಾತು: "ವೈರಿಂಗ್ ಸರಿಯಿಲ್ಲ ಬುಡಿ." ಆಟೊದ ಬ್ಯಾಟರಿ, ಮೋಟಾರು, ಬ್ರೇಕು ಎಲ್ಲವೂ ಒಂದೇ ಜೋಡಿ ವೈರಿನಲ್ಲಿ ತಂತಮ್ಮ ನಂಬರು ಹಚ್ಚಿ ಬೋರ್ಡಿಗೆ ಸುದ್ದಿ ಕಳಿಸುತ್ತವೆ; ಬೇಕಾದ ನಂಬರಿನ ಸುದ್ದಿಯನ್ನಷ್ಟೇ ಒಳಗೆ ಬಿಡುವ ಜರಡಿಯಂಥ ಪ್ರೋಗ್ರಾಮನ್ನು ಬೋರ್ಡಿನ ಚಿಪ್‌ಗೆ ಬರೆದವನು ಅವನೇ. ಅದರಲ್ಲಿ ತಪ್ಪಿರಬಹುದೆಂದು ಅವನಿಗೆ ಕನಸಲ್ಲೂ ಹೊಳೆಯದು. "ಬ್ಯಾಟ್ರಿ ಕಾದ್ರೂ ಕೆಂಪು ಲೈಟ್ ಬರಲ್ಲ ಕಣಾ ಚಲುವಣ್ಣ" ಎಂದು ಆಟೊ ಓಡಿಸುವ ಫಕ್ರುದ್ದೀನ್ ಎರಡು ಸಲ ಬಂದ. ಎರಡು ಸಲವೂ ವೈರು ಬದಲಾಯಿತು. ಮೂರನೆಯ ಸಲ ಬಂದಾಗ, ಬ್ಯಾಟರಿ ಮುಟ್ಟಿ ಸುಟ್ಟುಕೊಂಡ ಬಲಗೈಗೆ ಬ್ಯಾಂಡೇಜಿತ್ತು. ಆಗ ಚಲುವರಾಜು ಲ್ಯಾಪ್‌ಟಾಪ್ ತೆರೆದು, ಜರಡಿಯನ್ನು ಪಕ್ಕಕ್ಕಿಟ್ಟು, ವೈರಿನಲ್ಲಿ ಬರುವ ಸುದ್ದಿಯನ್ನೆಲ್ಲ ನೋಡಿದ. ಬ್ಯಾಟರಿ ತನ್ನ ಬಿಸಿಯನ್ನು ಮೊದಲ ದಿನದಿಂದಲೂ ಕೂಗಿ ಹೇಳುತ್ತಲೇ ಇತ್ತು. ಅವನು ಬರೆದ ಒಂದು ತಪ್ಪು ಅಂಕಿ ಅದನ್ನು ಬಾಗಿಲಲ್ಲೇ ತಡೆದಿತ್ತು. ಸದ್ದಿಲ್ಲದೆ ಅಂಕಿ ತಿದ್ದಿದ, ಕೆಂಪು ದೀಪ ಹತ್ತಿತು. ಆಮೇಲೆ ಗಾಡಿಯಡಿ ತೂರಿ, ಗಟ್ಟಿಮುಟ್ಟಾಗಿದ್ದ ವೈರೊಂದನ್ನು ಕತ್ತರಿಸಿ, ಹೊಸದು ಜೋಡಿಸಿ, ಹಳೆಯದನ್ನು ಫಕ್ರುದ್ದೀನನ ಎಡಗೈಯಲ್ಲಿಟ್ಟ: "ನೋಡಿ ಭಾಯ್, ನಿಮ್ ಕೈ ಸುಟ್ಟಿದ್ದು ಇದೇಯ."