ಟೇಪಮ್ಮ ಓದಿದ ಅಳತೆ

ಮಕ್ಕಳ ಮೂಳೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಗಳು ನಾವಿಬ್ಬರು. ಒಳಗೆ ಬಂದ ಮಗು ಕೇಳುವುದು ಮಾತ್ರ ನನ್ನನ್ನಲ್ಲ, ಇನ್ನೊಬ್ಬಳನ್ನೇ. ಸದಾ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಮಕ್ಕಳಿಟ್ಟ ಹೆಸರು ಟೇಪಮ್ಮ. ಹನ್ನೊಂದು ವರ್ಷ ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೇನೆ; ನನಗೊಂದು ಅಡ್ಡಹೆಸರೂ ಹುಟ್ಟಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು?

ಅವಳ ಹೊಟ್ಟೆಯಲ್ಲೂ ಒಂದು ಕಿಚ್ಚಿತ್ತು. ಹನ್ನೆರಡನೇ ವಯಸ್ಸಿನಲ್ಲಿ, ಓಟದ ಹುಚ್ಚು ಹತ್ತಿದ್ದಾಗ, ಅವಳ ಮಂಡಿಯ ಲಿಗಮೆಂಟ್ ಹರಿದಿತ್ತು. ಆಗಿನ ಡಾಕ್ಟರು ಮೂಳೆ ಬೆಳೆಯುವ ಜಾಗದಲ್ಲೇ ತೂತು ಕೊರೆದು ಹೊಸದನ್ನು ಕೂರಿಸಿದರು. ಮಂಡಿ ಗಟ್ಟಿಯಾಯಿತು, ಕಾಲಿನ ಬೆಳವಣಿಗೆ ಅಲ್ಲಿಗೇ ನಿಂತಿತು. ಇಂದಿಗೂ ಅವಳ ಎಡಗಾಲಿನ ಬೂಟಿನ ಅಟ್ಟೆ ಎರಡು ಬೆರಳು ದಪ್ಪ.

ಹೋದ ವರ್ಷ ಅದೇ ವಯಸ್ಸಿನ, ಅದೇ ಗಾಯದ ಹುಡುಗಿಯೊಬ್ಬಳು ಬಂದಳು. ಈಗಿನ ಡಾಕ್ಟರು ಬೆಳೆಯುವ ಜಾಗವನ್ನು ಮುಟ್ಟದೆ ಆಪರೇಷನ್ ಮಾಡಿದ್ದರು. ವರ್ಷವಿಡೀ ವ್ಯಾಯಾಮ ಮಾಡಿಸಿದವಳು ಟೇಪಮ್ಮನೇ. ಪ್ರತಿ ಎಕ್ಸ್‌ರೇಯಲ್ಲೂ ಎರಡೂ ಕಾಲು ಸಮಸಮ. ಟೇಪಮ್ಮ ಅವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು.

ಕೊನೆಯ ಪರೀಕ್ಷೆ ಒಂಟಿಕಾಲಿನ ಜಿಗಿತ. ಒಳ್ಳೆಯ ಕಾಲಲ್ಲಿ ಹುಡುಗಿ ನೂರಿಪ್ಪತ್ತು ಸೆಂಟಿಮೀಟರ್ ಹಾರಿದಳು. ಆಪರೇಷನ್ ಆದ ಕಾಲಲ್ಲಿ ನೂರೆಂಟು ದಾಟಿದರೆ ಮತ್ತೆ ಓಟದ ಮೈದಾನಕ್ಕಿಳಿಯಬಹುದು. ಹಾರಿದಳು. ಜಿಗಿಯಲು ಹೊರಡುವ ಗೆರೆಯ ಬಳಿ ಟೇಪು ಹಿಡಿದವಳು ನಾನು. ಹುಡುಗಿ ಕಾಲೂರಿದ ತುದಿಯಲ್ಲಿ ಓದಿದವಳು ಟೇಪಮ್ಮ.

"ನೂರೈದು. ಇನ್ನೂ ಮೂರು ತಿಂಗಳು ಓಡೋ ಹಾಗಿಲ್ಲ."

ಹುಡುಗಿಯ ಮುಖ ಬಾಡಿತು. ಕಣ್ಣೊರೆಸಿಕೊಂಡು, "ಆಗ್ಲಿ ಟೇಪಮ್ಮ. ನನಗೆ ಕೆಟ್ಟದಾಗ್ಲಿ ಅಂತ ನೀವು ಹೇಳ್ತೀರಾ?" ಎಂದಳು.

ಟೇಪಮ್ಮ ಟೇಪು ಸುತ್ತುವುದನ್ನು ನಿಲ್ಲಿಸಿದಳು. "ನಿಲ್ಲೇ. ನೂರಹತ್ತು ಹಾರಿದ್ದೀಯ. ಸುಳ್ಳು ಹೇಳ್ದೆ."

"ಯಾಕೆ?"

"ನಿನ್ನ ಕಾಲು ಕಂಡ್ರೆ ಹೊಟ್ಟೆಕಿಚ್ಚು ಕಣೇ. ನನಗೆ ಸಿಗ್ಲಿಲ್ವಲ್ಲ ಅಂತ."

ಹುಡುಗಿ ಟೇಪಮ್ಮನ ಕೈಯಿಂದ ಟೇಪು ತೆಗೆದುಕೊಂಡು ನನ್ನ ಹತ್ತಿರ ಬಂದಳು. "ಇನ್ನೊಂದ್ಸಲ ಹಾರ್ತೀನಿ. ಈ ಸಲ ನೀವು ಓದಿ ಆಂಟಿ."

ಹನ್ನೊಂದು ವರ್ಷದಿಂದ ನಾನು ಕಾದಿದ್ದು ಇದಕ್ಕೇ. ಟೇಪಮ್ಮ ಬರಿಗೊರಳಲ್ಲಿ ಕುಂಟುತ್ತ ಹೋಗಿ ಗೆರೆಯ ಬಳಿ ಕೂತು, ಟೇಪಿನ ಸೊನ್ನೆಯ ತುದಿ ಹಿಡಿದಳು.

ಹುಡುಗಿ ಹಾರಿದಳು. "ನೂರಹನ್ನೊಂದು" ಎಂದೆ.

ಹುಡುಗಿ ಓಡಿ ಬಂದು ಅಪ್ಪಿಕೊಂಡಿದ್ದು ನನ್ನನ್ನು. ನಾನು ಅವಳ ಹೆಗಲ ಮೇಲಿಂದ ಗೆರೆಯ ಬಳಿ ಕೂತವಳನ್ನೇ ನೋಡುತ್ತಿದ್ದೆ. ಟೇಪಿನ ತುದಿಯನ್ನು ಅವಳಿನ್ನೂ ಬಿಟ್ಟಿರಲಿಲ್ಲ.