ನಾಲ್ಕೂವರೆಯ ಆಚೆಗಿನ ಕನಸು

ನನಗೆ ಕನಸು ಬೀಳುವುದಿಲ್ಲ ಎಂದು ನಲವತ್ತು ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು. ಬಿ.ಪಿ. ಇಲ್ಲ, ಹಲ್ಲುನೋವಿಲ್ಲ ಎನ್ನುವ ಧಾಟಿಯಲ್ಲೇ ಕನಸೂ ಇಲ್ಲ ಎನ್ನುತ್ತಿದ್ದೆ. ಇದು ಹಾಸ್ಟೆಲ್ಲಿನ ಶಿಕ್ಷಣ. ಬೆಳಗಿನ ನಾಲ್ಕೂವರೆಗೆ ವಾರ್ಡನ್ ಗಂಟೆ ಬಾರಿಸಿದರೆ, ಎರಡನೆಯ ಗಂಟೆಯೊಳಗೆ ಹಾಸಿಗೆ ಸುತ್ತಿಟ್ಟು ಬಚ್ಚಲ ಮುಂದೆ ಸಾಲಿನಲ್ಲಿರಬೇಕು. ಮುಂದೆ ಅಮೆರಿಕದ ವಾರೆನ್ನಿನಲ್ಲಿ ಕಾರಿನ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸ ಸಿಕ್ಕಿ, ಬೆಳಗಿನ ಆರು ಗಂಟೆಯ ಶಿಫ್ಟ್ ಎಂದಾಗ ಉಳಿದವರು ಗೊಣಗಿದರು, ನಾನು ಗೊಣಗಲಿಲ್ಲ. ನಿವೃತ್ತನಾಗಿ ಐದು ವರ್ಷವಾದರೂ ಅಲಾರಂ ನಾಲ್ಕೂವರೆಗೇ ಹೊಡೆಯುತ್ತಿತ್ತು. ಎದ್ದು ಮಾಡಬೇಕಾದ ಕೆಲಸ ಮಾತ್ರ ಇರಲಿಲ್ಲ.

ನಮ್ಮ ಮನೆಯಲ್ಲಿ ಕನಸು ಕಾಣುವುದು ನನ್ನ ಹೆಂಡತಿ ವಿಮಲಾಳ ಕೆಲಸವಾಗಿತ್ತು. ಕಾಫಿಯ ಜೊತೆ ಅದನ್ನೂ ಬಡಿಸುತ್ತಿದ್ದಳು.

“ರೀ, ಇವತ್ತೊಂದು ಕನಸು ಬಿತ್ತು ಕಣ್ರೀ. ನಮ್ಮ ಮೈಸೂರಿನ ಮನೆ ಮುಂದೆ ಸ್ನೋ ಬಿದ್ಬಿಟ್ಟಿದೆ. ನಮ್ಮಜ್ಜಿ ಶವೆಲ್ ಹಿಡ್ಕೊಂಡು ಬಂದು...”

“ಬೇಗ ಹೇಳು. ಮೌಂಡ್ ರೋಡಲ್ಲಿ ಟ್ರಾಫಿಕ್ ಶುರುವಾಗತ್ತೆ.” ನನ್ನ ಒಂದು ಕಾಲಿಗೆ ಆಗಲೇ ಶೂ ಏರಿರುತ್ತಿತ್ತು.

“ಹೋಗ್ಲಿ ಬಿಡಿ. ಕನಸಿಗೂ ಶಿಫ್ಟ್ ಹಾಕೋರು ನೀವು.”

ಅಜ್ಜಿ ಆ ಹಿಮ ಎತ್ತುವ ಸಲಿಕೆ ಹಿಡಿದು ಬಂದು ಏನು ಮಾಡಿದರೋ, ನಾನು ಕೇಳಲಿಲ್ಲ. ಸಂಜೆ ಕೇಳಬಹುದಿತ್ತು. ಸಂಜೆಗೆ ಬೇರೆ ಕೆಲಸಗಳಿದ್ದವು.

ವಿಮಲಾ ತೀರಿಕೊಂಡು ಎರಡು ವರ್ಷವಾಗಿತ್ತು. ಕನ್ನಡ ಕೂಟದ ಊಟದಲ್ಲಿ ಅವಳ ಗೆಳತಿ ಪದ್ಮಾ ಸಿಕ್ಕಿದರು. “ರಾಯರೇ, ಮೊನ್ನೆ ನಿಮ್ಮ ವಿಮಲಾ ನನ್ನ ಕನಸಲ್ಲಿ ಬಂದಿದ್ರು. ‘ಬಿಸಿಬೇಳೆಭಾತ್ ಗಟ್ಟಿಯಾಯ್ತು’ ಅಂದ್ರು ನೋಡಿ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಯವರೆಗೆ ಮೂವತ್ತು ಮೈಲಿ ಡ್ರೈವ್ ಮಾಡುವಷ್ಟು ಹೊತ್ತೂ ಹೊಟ್ಟೆ ಉರಿಯಿತು. ಪದ್ಮಾ ಮನೆಯ ಭಾತಿಗೆ ಬಂದವಳಿಗೆ ತನ್ನ ಮನೆಯ ದಾರಿ ಮರೆಯಿತೇ?

ಆ ಶರತ್ಕಾಲದಲ್ಲೇ, ನನ್ನ ಗೊರಕೆಗೆ ನನಗೇ ಎಚ್ಚರವಾಗುತ್ತದೆ ಎಂದಾಗ, ಡಾಕ್ಟರು ನನ್ನನ್ನು ನಿದ್ರೆ ಅಳೆಯುವ ಲ್ಯಾಬಿಗೆ ಕಳಿಸಿದರು. ತಲೆಗೆ ವೈರುಗಳನ್ನು ಅಂಟಿಸಿದ ಟೆಕ್ನಿಷಿಯನ್ ಶಬಾನಾ ದಾವಣಗೆರೆಯವರ ಮಗಳು. ಮರುದಿನ ಬೆಳಿಗ್ಗೆ ಕಾಗದದ ಮೇಲಿನ ಗೆರೆಗಳನ್ನು ತೋರಿಸುತ್ತ ವಿವರಿಸಿದಳು. ಮೊದಲು ತೆಳು ನಿದ್ರೆ, ಆಮೇಲೆ ಇನ್ನಷ್ಟು ಗಟ್ಟಿ, ಆಮೇಲೆ ದೊಡ್ಡ ಅಲೆಗಳ ಗಾಢ ನಿದ್ರೆ. ಅಲ್ಲಿಂದ ಮೇಲೆದ್ದು, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಓಡಾಡುವ ಹಂತ. ಎದ್ದುಕಾಣುವ ಕನಸುಗಳೆಲ್ಲ ಹೆಚ್ಚಾಗಿ ಅಲ್ಲೇ. ಸುಮಾರು ಒಂದೂವರೆ ಗಂಟೆಗೊಂದು ಸುತ್ತು. ನಮ್ಮ ಹಿರಿಯರು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಪಾಲು ಮಾಡಿದ್ದು ವೈರುಗಳಿಲ್ಲದೆ ಎಂಬುದನ್ನು ನೆನೆದು ನನಗೆ ಅವರ ಮೇಲೆ ಗೌರವ ಹೆಚ್ಚಿತು.

“ನನಗೆ ಕನಸೇ ಇಲ್ಲವಲ್ಲಮ್ಮ. ನಾಲ್ಕೂವರೆಗೆ ಅಲಾರಂ ಹೊಡೆದರೆ ಎದ್ದುಬಿಡುತ್ತೇನೆ,” ಎಂದೆ.

“ಯಾಕಿಲ್ಲ ಅಂಕಲ್? ಇಲ್ಲಿ ನೋಡಿ, ನಾಕು ಸಲ ಬಂದಿದೆ. ಬೆಳಗಿನ ಜಾವದ್ದೇ ಎಲ್ಲಕ್ಕಿಂತ ಉದ್ದ. ಅಷ್ಟರಲ್ಲಿ ನೀವು ಅಲಾರಂ ಇಟ್ಟು ಎದ್ದು ಓಡಿದ್ರೆ ಏನು ನೆನಪಿರತ್ತೆ? ಎಚ್ಚರ ಆದ್ಮೇಲೂ ಒಂಚೂರು ಅಲ್ಲಾಡ್ದೆ ಮಲಗಿ. ಇನ್ನೊಂದು ಮಾತು ಅಂಕಲ್, ಕನಸಲ್ಲಿ ಕೈಕಾಲು ಲಾಕ್ ಆಗಿರತ್ತೆ. ಇಲ್ದಿದ್ರೆ ನಿಮ್ಮಂಥೋರು ಅಲ್ಲೂ ಎದ್ದು ಹೊರಟುಬಿಡ್ತೀರಿ.”

ತಪಾಸಣೆಯವನು ಸುಮ್ಮನಿರುವನೇ? ಒಂದೂವರೆ ಗಂಟೆಗಳನ್ನು ಕೂಡಿಸಿ, ಐದೂವರೆಗೆ ಅಲಾರಂ ಬದಲಿಸಿ, ದಿಂಬಿನ ಪಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟೆ. ದೇಹ ನಾಲ್ಕೂವರೆಗೇ ಎದ್ದು ಕುಳಿತಿತು. ಹತ್ತು ದಿನದಲ್ಲಿ ಬರೆದಿದ್ದು ಒಂದೇ ಸಾಲು: ‘ಬಹುಶಃ ಒಂದು ಬೋಲ್ಟ್.’ ನಾಚಿಕೆಯಾಗಿ ಅಲಾರಮ್ಮನ್ನು ಮತ್ತೆ ನಾಲ್ಕೂವರೆಗೆ ತಂದೆ.

ನವೆಂಬರಿನ ಮೊದಲ ಭಾನುವಾರ ಈ ದೇಶದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದೂ ವಿಮಲಾಳ ಕೆಲಸವೇ. “ರೀ, ಒಂದು ಗಂಟೆ ಪುಕ್ಕಟೆ ಸಿಕ್ಕಿದೆ, ಮಲಕ್ಕೊಳ್ಳಿ,” ಎನ್ನುತ್ತಿದ್ದಳು. ನಾನು ಹಳೆಯ ಗಂಟೆಗೇ ಎದ್ದು ಗರಾಜು ಗುಡಿಸುತ್ತಿದ್ದೆ. ಆ ವರ್ಷ ಮಲಗುವ ಮುಂಚೆ ನಾನೇ ಎಲ್ಲ ಗಡಿಯಾರಗಳನ್ನೂ ತಿರುಗಿಸಿದೆ. ಎಚ್ಚರವಾದಾಗ ಮೂರೂವರೆ. ಗರಾಜು ಚೊಕ್ಕಟವಾಗಿತ್ತು. ಮೊದಲ ಬಾರಿಗೆ ಅವಳ ಮಾತು ಕೇಳಿ ಮಗ್ಗುಲಾದೆ.

ಅಡುಗೆಮನೆ. ನನ್ನ ಒಂದು ಕಾಲಿಗೆ ಶೂ. ಎದುರಿಗೆ ವಿಮಲಾ. ಇನ್ನೊಂದು ಶೂಗೆ ಬಗ್ಗಲು ನೋಡುತ್ತೇನೆ, ಕೈ ಬಾರದು. ಏಳಲು ನೋಡುತ್ತೇನೆ, ಕಾಲು ಬಾರದು. ಹೊರಡಲಾರದೆ ಕುಳಿತೆ. “ನಮ್ಮಜ್ಜಿ ಶವೆಲ್ ಹಿಡ್ಕೊಂಡು ಬಂದು,” ಎಂದು ಅವಳು ಶುರುಮಾಡಿದಳು, “ಬಾಗಿಲ ಮುಂದಿನ ಸ್ನೋ ಎಲ್ಲ ತೆಗೆದ್ರು ಕಣ್ರೀ. ತೆಗೆದು ರಂಗೋಲಿ ಹಾಕಿದ್ರು.”

ಅಲಾರಂ ಹೊಡೆಯಿತು. ನಾನು ಅಲ್ಲಾಡಲಿಲ್ಲ.

ಅದು ಅವಳ ಕನಸಿನ ಕೊನೆಯೋ, ನನ್ನ ತಲೆಯೇ ಜೋಡಿಸಿದ ಬಿಡಿಭಾಗವೋ ಹೇಳಲಾರೆ. ಮೂಲ ಯಾವುದೆಂದು ತಿಳಿಯದ ಭಾಗವನ್ನು ಕೆಲಸದಲ್ಲಿದ್ದಾಗ ನಾನು ಎಂದೂ ಪಾಸು ಮಾಡಿದವನಲ್ಲ. ಇದನ್ನು ಪಾಸು ಮಾಡಿದೆ.

ಅಲಾರಂ ಈಗ ಗರಾಜಿನಲ್ಲಿದೆ. ಕಾಫಿ ಬೆಳಕು ಹರಿದ ಮೇಲೆ. ಶೂ ಹಾಕುವುದು ಕಾಫಿ ಪೂರ್ತಿ ಮುಗಿದ ಮೇಲೆ.