ಫೋರ್ಕಿನ ಮೊಣಕೈಯಲ್ಲಿ ಕಂಡ ಗೆರೆ

ಕಳೆದ ವರ್ಷದ ಮಾತು. ಜಮಖಂಡಿ ತಾಲ್ಲೂಕಿನ ಹುನ್ನೂರಿನಲ್ಲಿ ನಮ್ಮದೊಂದು ಸಣ್ಣ ಬೆಲ್ಲದ ಗಾಣವಿದೆ. ಅಲ್ಲಿ ನನ್ನ ಹುದ್ದೆ ಇಂಥದ್ದು ಎಂದು ಯಾರೂ ಬರೆದುಕೊಟ್ಟಿಲ್ಲ. ಮನೆಯ ಅಡಿಗೆ ಮುಗಿಸಿ ಬಂದು ಪೆಂಟಿಗಳಿಗೆ, ಅಂದರೆ ಹತ್ತು ಕಿಲೋದ ಬೆಲ್ಲದ ಗಟ್ಟಿಗಳಿಗೆ, ಬಟ್ಟೆ ಸುತ್ತುತ್ತೇನೆ. ಗಾಡಿಗೆ ಏರಿಸುವಾಗ ಕೆಳಗೆ ನಿಂತು ಕೈ ಕೊಡುತ್ತೇನೆ. ಇಪ್ಪತ್ತೆರಡು ವರ್ಷ ಇದೇ ಕೆಲಸ.

ಆ ಹಂಗಾಮಿಗೆ ಮೊದಲು ನಮ್ಮ ಮನೆಯವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಭಾರ ಎತ್ತಬಾರದು, ಟ್ರ್ಯಾಕ್ಟರ್ ನಡೆಸಬಹುದು ಎಂದರು ಡಾಕ್ಟರು. ಅಷ್ಟಾದರೂ ಉಳಿಸಿದೆಯಲ್ಲಪ್ಪಾ ಎಂದು ಶಿವನಿಗೆ ಕೈಮುಗಿದೆ.

ಮನೆಯವರೇ ತಲೆ ಓಡಿಸಿ ಪ್ಯಾಲೆಟ್ ಫೋರ್ಕ್ ಮಾಡಿದರು. ಪ್ಯಾಲೆಟ್ ಎಂದರೆ ಕಾಲಿರುವ ದೊಡ್ಡ ಮಣೆ. ಫೋರ್ಕ್ ಎಂದರೆ ಅದರಡಿ ತೂರಿ ಎತ್ತುವ ಎರಡು ಕಬ್ಬಿಣದ ತೋಳು. ಹಳೆ ಲಾರಿಯ ಚಾನೆಲ್, ಅಂದರೆ ತಳದ ದಪ್ಪ ಕಬ್ಬಿಣದ ಪಟ್ಟಿ, ತಂದು ನಾಲ್ಕು ಅಡಿಯ ತೋಳು ಕತ್ತರಿಸಿ, ನೆಟ್ಟಗಿನ ಚೌಕಟ್ಟಿಗೆ ತಾವೇ ವೆಲ್ಡಿಂಗ್ ಮಾಡಿ, ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿಗೆ ಮೂರು ಪಿನ್ ಹಾಕಿ ಕೂಡಿಸಿದರು. ಭಾನುವಾರ ಹದಿನೈದು ಪೆಂಟಿ ಹೇರಿ ಎತ್ತಿದರು. ಎಂಜಿನ್ನಿನ ಸದ್ದೇ ನನ್ನ ಕಿವಿಗೆ ಬೀಳಲಿಲ್ಲ. ಬೆಲ್ಲ ನೆಲ ಬಿಟ್ಟು ತೇಲುವುದನ್ನೇ ನೋಡುತ್ತ ನಿಂತುಬಿಟ್ಟೆ.

ತುಕ್ಕು ಹಿಡಿಯದಿರಲಿ ಎಂದು ಅವರು ಫೋರ್ಕಿಗೆಲ್ಲ ಡೀಸೆಲ್ ಬಟ್ಟೆ ಎಳೆದರು. ಸೋಮವಾರ ಬಣ್ಣ ಬಳಿದು, ಮಂಗಳವಾರ ಮೂವತ್ತು ಪೆಂಟಿ ಸರಕಿನ ಟೆಂಪೋ ಗಾಡಿಗೆ ಏರಿಸುವುದೆಂದು ನಿಶ್ಚಯವಾಗಿತ್ತು. ಮುನ್ನೂರು ಕಿಲೋ. ಅಲುಗದಂತೆ ಕೆಳಗೆ ಹಿಡಿಯುವವಳು ನಾನೇ.

ಆದರೆ ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ನಾನು ಆ ರೂಢಿ ಬಿಟ್ಟಿರಲಿಲ್ಲ.

“ಇದೇನ್ ಬಸವಣ್ಣನ, ಸೂಟಿ ಕೊಡಾಕ? ಬಣ್ಣನಾದ್ರೂ ಹಚ್ಚತೀನಿ ತಡಿ” ಎಂದರು.

“ಎತ್ತಿನ ದುಡಿತ ದುಡೀತೈತಿ ಅಂದಮ್ಯಾಲ ಎತ್ತಿನ ಸೂಟಿನೂ ಅದಕ್ಕ ಬೇಕ್ರಿ. ಬಣ್ಣೇನ್ ಓಡಿ ಹೋಗತೈತಿ?”

ಗೊಣಗುತ್ತ ಚಹಾ ಕುಡಿಯಲು ಕೂತರು. ಗಾಣದ ಒಲೆ ಆರಿತ್ತು. ಕಬ್ಬಿನ ಸಿಪ್ಪೆಯ ಮೇಲೆ ಎಳೆಬಿಸಿಲು ಮಲಗಿತ್ತು. ಫೋರ್ಕನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎರಡೂ ತೋಳು ಚೌಕಟ್ಟಿಗೆ ಕೂಡುವ ಮೊಣಕೈಗೆ, ಎತ್ತಿನ ಹಣೆಗೆ ಬಳಿಯುವಂತೆ, ದಪ್ಪಗೆ ವಿಭೂತಿ ಬಳಿದೆ. ಊದುಬತ್ತಿ ಹಚ್ಚಿ ಅಲ್ಲೇ ಕುಳಿತೆ. ಕಣ್ಣು ಎಳೆಯುತ್ತಿತ್ತು. ಆಗ ಎಡಗಡೆಯ ಬಿಳುಪಿನಲ್ಲಿ ಕಾಡಿಗೆ ಎಳೆದಂತೆ ಸಣ್ಣ ಕಪ್ಪು ಗೆರೆಯೊಂದು ಮೆಲ್ಲಗೆ ಮೂಡಿತು. ನಿದ್ದೆಗಣ್ಣೋ ಏನೋ ಎಂದು ಕಣ್ಣುಜ್ಜಿದೆ. ಗೆರೆ ಉದ್ದವಾಗಿತ್ತು.

“ಎಣ್ಣಿ ಉಳದಿರತೈತಿ ಬಿಡ” ಎಂದು ಮನೆಯವರು ಹೆಬ್ಬೆರಳಿನಿಂದ ಒರೆಸಿಬಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಮತ್ತೆ ಬಳಿದೆ. ಅದೇ ಜಾಗ, ಅದೇ ಗೆರೆ. ಈ ಸಲ ಅವರು ಒರೆಸದೆ ಬೆಸುಗೆ ಬಲ್ಲವನೊಬ್ಬನಿಗೆ ಫೋನ್ ಹಚ್ಚಿದರು.

ಮರುದಿನ ಬನಹಟ್ಟಿಯಿಂದ ದಸ್ತಗೀರ ಬಂದ. ಪವರ್‌ಲೂಮಿನ ಮುರಿದ ಭಾಗ ಬೆಸೆಯುವುದರಲ್ಲಿ ಪಳಗಿದವನು. ಗೆರೆ ನೋಡಿ ನಕ್ಕ.

“ಅಕ್ಕಾರ, ಇದನ್ನ ಯಾರ್ ಕಲಿಸಿದ್ರಿ ನಿಮಗ? ಬಿರುಕ ಹುಡುಕಾಕ ನಾವು ಸೀಮೆಎಣ್ಣಿ ಹಚ್ಚಿ, ಒರಸಿ, ಸುಣ್ಣ ಬಳೀತೀವ್ರಿ. ಬಿರುಕಿನ್ಯಾಗ ಕುಂತ ಎಣ್ಣಿ ಹೊರಗ ಬರತೈತಿ.” ನಂತರ ಮನೆಯವರ ಕಡೆ ತಿರುಗಿದ. “ಕಾಕಾ, ನೀವು ಬೆಸುಗಿ ಹಾಕಿಲ್ರಿ, ಮ್ಯಾಲ ಮುಲಾಮ್ ಸವರೀರಿ. ಮುನ್ನೂರು ಕಿಲೋ ಹೇರಿದ್ರ ತೋಳ ಕಳಚಿ ಬೀಳತಿತ್ತು. ಬುಡಕ ಯಾರ್ ನಿಲ್ಲವ್ರಿದ್ರಿ?”

ಮನೆಯವರು ನನ್ನ ಮುಖ ನೋಡಿದರು.

ದಸ್ತಗೀರ ಎರಡೂ ಬೆಸುಗೆಯನ್ನು ತಳದವರೆಗೆ ಕೊರೆದು ತೆಗೆದು ಹೊಸದಾಗಿ ತುಂಬಿದ. ಒಳಮೂಲೆಗೆ ಮುಕ್ಕೋನದ ಪಟ್ಟಿಯನ್ನೂ ಬೆಸೆದ. ಮೂವತ್ತು ಪೆಂಟಿ ಹೇರಿ, ನೆಲದಿಂದ ಆರೇ ಇಂಚು ಎತ್ತಿ, ಒಂದು ತಾಸು ಹಾಗೇ ಬಿಟ್ಟೆವು. ಕೂದಲೆಳೆಯಷ್ಟೂ ಬಾಗಲಿಲ್ಲ.

ಗುರುವಾರ ಮಂಜು ಕವಿದ ಮುಂಜಾನೆ ಗಾಡಿ ಬಂತು. ರೂಢಿಯಂತೆ ನಾನು ಪ್ಯಾಲೆಟ್ಟಿನ ಕೆಳಗೆ ಕೈ ಕೊಡಲು ಹೋದೆ. ಮನೆಯವರು ಎಂಜಿನ್ನನ್ನೇ ಬಂದ್ ಮಾಡಿದರು.

“ದೂರ ಸರಿ.”

“ಈಗ ಗಟ್ಟಿ ಆಗೇತಲ್ರಿ?”

“ಆಗೇತಿ. ಆದ್ರೂ ನೀ ಬುಡಕ ಇದ್ರ ನಾ ಎತ್ತಂಗಿಲ್ಲ.”

ಎತ್ತಿದ ಭಾರದ ಕೆಳಗೆ ಯಾರೂ ನಿಲ್ಲಬಾರದು, ಬೆಸುಗೆ ಎಷ್ಟೇ ಗಟ್ಟಿಯಿರಲಿ. ಗಾಣ ನನಗೆ ಕಲಿಸಿದ್ದು ಇಷ್ಟು, ಅದೂ ಇಪ್ಪತ್ತೆರಡು ವರ್ಷ ತಡವಾಗಿ. ಹತ್ತು ಹೆಜ್ಜೆ ಹಿಂದೆ ಸರಿದೆ. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡೆ. ಮಂಜಿನೊಳಗೆ ಮೂವತ್ತು ಪೆಂಟಿ ಬೆಲ್ಲ ನನ್ನ ಸಹಾಯವಿಲ್ಲದೆ ಮೇಲೇರಿತು.